ಸೀರೆ ಕಟ್ಟಿದ ಸೀಬೆಕಾಯಿ

“ಬುದ್ಧಿ, ಬೀಗ ಒಡೆದಿಲ್ಲ, ಗೋಡೆಗೆ ಕನ್ನ ಕೊರೆದಿಲ್ಲ, ಕಳ್ಳ ಮಾತ್ರ ಒಳಗಿದ್ದಾನೆ. ಹೇಗೆ ಬಂದ?”

ಬೋರಯ್ಯ ಹೀಗೆ ಒಗಟು ಹಾಕಿದಾಗ ಗುರುಗಳು ನಕ್ಕರು. “ಉತ್ತರ ನೀನೇ ಹೇಳಪ್ಪ.”

“ಗೊತ್ತಿದ್ದರೆ ಇಲ್ಲಿಗೇಕೆ ಬರುತ್ತಿದ್ದೆ? ನನ್ನ ತಮ್ಮ ಚೆಲುವನ ವಿಷಯ. ಅವ್ವ ಹೋದಾಗ ಅವನಿಗೆ ಸರಿಯಾಗಿ ಮಾತೂ ಬರುತ್ತಿರಲಿಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಸಾಕಿದೆ. ಕೆಟ್ಟವರ ನೆರಳೂ ಬೀಳಗೊಡಲಿಲ್ಲ. ಈಗ ಬಾಯಿ ಬಿಟ್ಟರೆ ಸುಳ್ಳು. ಇವತ್ತು ಮನೆಯಿಂದ ಆಚೆ ಹಾಕುತ್ತೇನೆ. ಅಪ್ಪಣೆ ಕೊಡಿ.”

ಗುರುಗಳು ಅಪ್ಪಣೆ ಕೊಡಲಿಲ್ಲ, ಕತೆ ಕೊಟ್ಟರು.

ಒಬ್ಬ ರೈತನಿಗೆ ಒಂದು ಸೀಬೆಮರವಿತ್ತು. ವರ್ಷವರ್ಷವೂ ಹಣ್ಣುನೊಣ ಅದರ ಫಸಲನ್ನು ಹಾಳುಮಾಡುತ್ತಿತ್ತು. ಈ ಸಲ ನೋಡೇಬಿಡೋಣ ಎಂದು ರೈತ ಹೆಂಡತಿಯ ಹಳೆಯ ಸೀರೆ ಹರಿದು, ಒಂದೊಂದು ಕಾಯಿಗೂ ಚೀಲ ಕಟ್ಟಿದ. ಸುತ್ತುವ ನೊಣಗಳಿಗೆ ಮೀಸೆ ತಿರುವಿ ತೋರಿಸಿದ. ಹಣ್ಣಾಯಿತು. ಚೀಲ ಬಿಚ್ಚಿದ. ಒಳಗೆ ಹುಳ.

“ನಿನ್ನ ಸೀರೆಯೇ ತೂತು!” ಎಂದು ಹೆಂಡತಿಯ ಮೇಲೆ ಹಾರಾಡಿದ.

ಅವಳು ಚೀಲವನ್ನು ಬಿಸಿಲಿಗೆ ಹಿಡಿದಳು. “ಎಲ್ಲಿದೆ ತೋರಿಸಿ. ನೀವು ಕಟ್ಟಿದ್ದು ಕಾಯಿ ಬಲಿತ ಮೇಲೆ. ನೊಣ ಮೊದಲೇ ಬಂದು ಚುಚ್ಚಿ, ಮೊಟ್ಟೆಯಿಟ್ಟು ಹೋಗಿತ್ತು. ನನ್ನ ಸೀರೆಯಲ್ಲಿ ಹುಳಕ್ಕೆ ತೊಟ್ಟಿಲು ಕಟ್ಟಿ ಕಾವಲು ಕಾದಿರಲ್ಲ, ಪುಣ್ಯಾತ್ಮರೇ!”

ರೈತನಿಗೆ ನಾಚಿಕೆಯಾಯಿತು. ನಾಚಿಕೆಗೆ ಸಿಟ್ಟು ಹತ್ತಿತು. ಕೊಡಲಿ ತಂದ. ಹೆಂಡತಿ ಮರಕ್ಕೆ ಬೆನ್ನು ಕೊಟ್ಟು ನಿಂತಳು. “ಚುಚ್ಚಿಸಿಕೊಂಡದ್ದು ಕಾಯಿಯ ತಪ್ಪೇ?”

ಇಲ್ಲಿಗೆ ಬರುವಷ್ಟರಲ್ಲಿ ಬೋರಯ್ಯನಿಗೆ ಹಳೆಯದೊಂದು ನೆನಪಾಗಿತ್ತು. ಅವ್ವ ಸತ್ತ ದಿನ ಚೆಲುವ ಮನೆಯೆಲ್ಲ ಹುಡುಕಿ ಅತ್ತಿದ್ದ. “ಅವ್ವ ಸಂತೆಗೆ ಹೋಗಿದ್ದಾಳೆ ಕಣೋ, ಈಗ ಬರ್ತಾಳೆ” ಎಂದು ಅವನನ್ನು ಸೊಂಟಕ್ಕೆ ಹಾಕಿಕೊಂಡು ಸಮಾಧಾನ ಮಾಡಿದವನು ತಾನೇ. ಆಮೇಲೆ ಎಷ್ಟೋ ಕಾಲ ಆ ಮಗು ಬಾಗಿಲು ಬಿಟ್ಟು ಏಳುತ್ತಿರಲಿಲ್ಲ.

“ಮರ ಕಡಿದನೇ, ಬುದ್ಧಿ?”

“ಇಲ್ಲಪ್ಪ. ಕೊಡಲಿ ಇಟ್ಟು ಚಾಕು ತಂದ. ಹುಳದ ಭಾಗ ಕೊಯ್ದೆಸೆದ. ಉಳಿದದ್ದನ್ನು ಗಂಡಹೆಂಡಿರು ಮರದಡಿ ಕೂತು ತಿಂದರು. ಸಿಹಿ ಏನೂ ಕಮ್ಮಿಯಾಗಿರಲಿಲ್ಲ.”

“ಸದ್ಯ!” ಎಂದು ಬೋರಯ್ಯ ಕಣ್ಣೊರೆಸಿಕೊಂಡ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು. “ಈ ಕೊನೆ ನಾನು ಕಟ್ಟಿದ್ದು, ಮಗು. ರೈತ ಇನ್ನೂ ನನ್ನ ಮುಂದೆ ಕೊಡಲಿ ಹಿಡಿದೇ ನಿಂತಿದ್ದಾನೆ.”