ಉಪ್ಪಿನ ದಿಬ್ಬದ ವ್ಯಾಜ್ಯ

ಒಂದು ಕಾಡಿನಲ್ಲಿ ಒಂದು ಉಪ್ಪಿನ ದಿಬ್ಬವಿತ್ತು. ಹುಲ್ಲು ಸೊಪ್ಪು ತಿನ್ನುವ ಪ್ರಾಣಿಗಳೆಲ್ಲ ಸಂಜೆ ಅಲ್ಲಿಗೆ ಬಂದು ಉಪ್ಪುಮಣ್ಣು ನೆಕ್ಕಿ ಹೋಗುತ್ತಿದ್ದವು. ದಿಬ್ಬ ಯಾರದೆಂದು ಯಾರೂ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ.

ಹೊಳೆದದ್ದು ನರಿಗೆ. ಮಾಂಸ ತಿನ್ನುವ ಅವನಿಗೆ ಆ ಮಣ್ಣು ಬೇಕಿರಲಿಲ್ಲ. ಬೇಕಾದವರೆಲ್ಲ ಬಂದು ತನ್ನ ಮುಂದೆ ಕೈಕಟ್ಟಿ ನಿಲ್ಲಲಿ ಎಂಬ ಆಸೆಯಿತ್ತು, ಅಷ್ಟೇ. ಗೆಡ್ಡೆಗೆಣಸಿನ ಆಸೆ ತೋರಿಸಿ ಒಂದು ಕಾಡುಹಂದಿಯನ್ನು ಕರೆತಂದ. ಅವನಿಂದ ದಿಬ್ಬ ಅಗೆಸಿ, ಮಣ್ಣನ್ನೆಲ್ಲ ತನ್ನ ಗುಹೆಗೆ ತುಂಬಿಸಿದ.

ಆಗಷ್ಟೇ ಮರಿ ಹಾಕಿದ್ದ ಕಡವೆಯೊಂದು ಬಂದು ನೋಡಿದರೆ ದಿಬ್ಬದ ಜಾಗದಲ್ಲಿ ಹೊಂಡವಿತ್ತು. ಉಪ್ಪಿಲ್ಲದೆ ಅವಳ ಹಾಲು ಬತ್ತುತ್ತಿತ್ತು. ಮರಿ ಏಳಲಾರದೆ ಮಲಗಿತ್ತು, ಪಾಪ.

“ಒಂದಿಷ್ಟು ಮಣ್ಣು ಕೊಡಪ್ಪ” ಎಂದು ನರಿಯನ್ನು ಬೇಡಿದಳು.

“ಕೊಡೋಣ. ನವಿಲು ಎಲ್ಲಿ ಮೊಟ್ಟೆ ಇಟ್ಟಿದ್ದಾಳೆ, ಅದನ್ನು ಹೇಳು” ಎಂದ ನರಿ.

ಕಡವೆಗೆ ಆ ಜಾಗ ಗೊತ್ತಿತ್ತು. ತನ್ನ ಮರಿಯ ಮುಖ ಕಣ್ಣ ಮುಂದೆ ಬಂತು. ಆದರೂ “ಅವಳೂ ತಾಯಿ, ನಾನು ಹೇಳಲಾರೆ” ಎಂದು ಅಳುತ್ತಾ ಆನೆಯಜ್ಜಿಯ ಬಳಿಗೆ ಹೋದಳು. ಕಾಡಿನಲ್ಲಿ ನ್ಯಾಯ ಹೇಳುತ್ತಿದ್ದವಳು ಆನೆಯಜ್ಜಿಯೇ.

ಹೊಂಡದ ಬಳಿಯೇ ಪಂಚಾಯಿತಿ ಸೇರಿತು. ನರಿ ಮೀಸೆ ತೀಡಿಕೊಂಡು ನಿಂತ. “ಇದು ನಮ್ಮ ಮುತ್ತಜ್ಜನ ಕಾಲದ ಆಸ್ತಿ. ನಮ್ಮ ಮನೆತನವೇ ಇಲ್ಲಿ ಮಣ್ಣು ನೆಕ್ಕಿ ಬೆಳೆದದ್ದು. ಈ ಕಡವೆ ಮೊನ್ನೆ ಮೊನ್ನೆ ಬಂದವಳು.”

ಆನೆಯಜ್ಜಿ ಮೆಲ್ಲಗೆ ಕೇಳಿದಳು: “ಹಾಗಾದರೆ ದಿಬ್ಬದ ಪದ್ಧತಿ ನಿನಗೆ ಗೊತ್ತಿರಬೇಕಲ್ಲ ಮಗಾ? ಎಲ್ಲರೂ ಸೇರಿದಾಗ ಮೊದಲು ನೆಕ್ಕುವವರು ಯಾರು?”

ನರಿ ನಕ್ಕ. “ಇದೂ ಒಂದು ಪ್ರಶ್ನೆಯೇ? ಬಲ ಇದ್ದವರು. ನಮ್ಮಜ್ಜ ನೆಕ್ಕಿ ಎದ್ದ ಮೇಲೆಯೇ ಮಿಕ್ಕವರು.”

ಆಗ ಮುಂದೆ ಬಂದು ಮಾತಾಡಿದ್ದು ನರಿಗೆ ಆಳಾಗಿದ್ದ ಹಂದಿ.

“ಇಲ್ಲಿ ಹಾಲೂಡಿಸೋ ತಾಯಂದಿರು ಮೊದಲು ಕಣಯ್ಯ. ಆನೆಯಾದರೂ ಕಾಯಬೇಕು. ನಮ್ಮಮ್ಮ ನೆಕ್ಕುವಾಗ ನಾನು ಅವಳ ಹೊಟ್ಟೆ ಕೆಳಗೆ ನಿಂತಿರುತ್ತಿದ್ದೆ.” ಅವನು ಹೊಂಡದತ್ತ ನೋಡಿದ. “ಆ ಜಾಗವನ್ನು ನಾನೇ ಅಗೆದೆನಲ್ಲ ಅಜ್ಜಿ.”

ಆನೆಯಜ್ಜಿ ನರಿಯತ್ತ ತಿರುಗಿದಳು. “ನಿಮ್ಮವರು ಒಂದು ದಿನವೂ ಇಲ್ಲಿಗೆ ಬಂದವರಲ್ಲ. ಮಣ್ಣನ್ನೆಲ್ಲ ನೀನೇ ಬಾಯಲ್ಲಿ ಕಚ್ಚಿ ತಂದು ಹೊಂಡ ಮುಚ್ಚು.”

ನರಿ ತಂದು ತಂದು ಸುರಿದ. ಉಪ್ಪಿಗೆ ಅವನ ನಾಲಿಗೆ ಬಿರಿಯಿತು. ಸಂಜೆ ಎಲ್ಲರೂ ಪಕ್ಕಕ್ಕೆ ಸರಿದು ಕಡವೆಗೆ ದಾರಿ ಬಿಟ್ಟರು. ಅವಳು ನೆಕ್ಕುವ ಮೊದಲು ನರಿಯತ್ತ ನೋಡಿ, “ಹೊಳೆಗೆ ಹೋಗಿ ನೀರು ಕುಡಿದು ಬಾರಪ್ಪ, ಉಳಿದ ಮಣ್ಣು ಎಲ್ಲಿಗೂ ಹೋಗುವುದಿಲ್ಲ” ಎಂದಳು. ನರಿಗೆ ತಲೆ ಎತ್ತಲಾಗಲಿಲ್ಲ.

ಕೆಲವೇ ದಿನಗಳಲ್ಲಿ ಕಡವೆಗೆ ಹಾಲು ಬಂತು. ಮರಿ ಎದ್ದು ನಿಂತು ಕುಡಿಯಿತು.

ನೀತಿ: ನೆಲದ ಸಂಪತ್ತು ಅಗೆದವರ ಸ್ವತ್ತಲ್ಲ, ಎಲ್ಲರದು, ಅದರಲ್ಲಿ ಮೊದಲ ಪಾಲು ಹೆಚ್ಚು ಅಗತ್ಯವಿರುವವರಿಗೆ ಸಲ್ಲಬೇಕು.