ತಾಯಿಯವರು ತಮ್ಮ ಒಲೆ ಆರಿಸಿದ್ದು

ಕಾನುಗುಡ್ಡದ ಮುದ್ದಮ್ಮ ತಾಯಿಯವರಿಗೆ ಮಠವೂ ಇರಲಿಲ್ಲ, ಪೀಠವೂ ಇರಲಿಲ್ಲ. ಬಂಡೆಯ ಸಂದಿಗೆ ಹುಲ್ಲು ಹೊದಿಸಿದ ಒಂದು ಗೂಡು, ಅದರ ಮುಂದೆ ಕಲ್ಲಿನ ಒಲೆ, ಅಷ್ಟೇ ಅವರ ಸಂಸಾರ. ಅವರು ಹುಟ್ಟಿದ್ದು ಅದೇ ಗುಡ್ಡದ ಸೋಲಿಗರ ಹಟ್ಟಿಯಾದ ಪೋಡಿನಲ್ಲಿ. ಬಯಲಿನ ಜನ ಹತ್ತಿ ಬಂದು, ಕಾಲಿಗೆ ಬಿದ್ದು, ದೇವರೆಂದು ಕರೆದ ಮೇಲೂ ತಾಯಿಯವರು ಪೋಡಿನ ಹೆಂಗಸರೊಡನೆ ಗೆಡ್ಡೆ ಅಗೆಯಲು ಹೋಗುತ್ತಿದ್ದರು.

ಆ ಪೋಡಿಗೆ ಹಿಂದಿನಿಂದ ಬಂದ ಒಂದು ಕಟ್ಟಳೆಯಿತ್ತು. ಹೆಜ್ಜೇನು ಕೂರುವ ಮರಕ್ಕೆ ಕೊಡಲಿ ತಾಗಬಾರದು. ಯಾರ ಸಲುವಾಗಿ ಅಂಥ ಮರ ಬಿತ್ತೋ ಅವರ ಒಲೆ ಆರಬೇಕು. ಅವರಿಗೆ ಯಾವ ಮನೆಯೂ ಕೆಂಡ ಕೊಡದು. ಬೇಯಿಸಿದ್ದನ್ನು ಬಾಯಿಗಿಡದೆ, ಆ ಬುಡ ಮತ್ತೆ ಚಿಗುರಿ ಎದೆಮಟ್ಟ ಏರುವ ತನಕ ಜಿಂಕೆ ಕಡವೆ ಮೇಯದಂತೆ ಅವರು ಕಾಯಬೇಕು. ಇದನ್ನು ಯಾವ ಸರ್ಕಾರವೂ ಬರೆದುಕೊಟ್ಟದ್ದಲ್ಲ. ಆದರೂ ಆ ಗುಡ್ಡದಲ್ಲಿ ಕಾಡು ಉಳಿದದ್ದು ಇದರಿಂದಲೇ.

ಬಯಲಿನ ಊರಿನಲ್ಲಿ ಮರ ಕೊಯ್ಯುವ ಮಿಲ್ಲಿನ ಧಣಿ ಪುಟ್ಟರುದ್ರಪ್ಪ. ತಾಯಿಯವರು ಕೊಟ್ಟ ಬೇರಿನಿಂದ ಮಗಳು ಎದ್ದು ಓಡಾಡಿದಳೆಂದು ಅವನಿಗೆ ಅಪಾರ ಭಕ್ತಿ. ಗೂಡಿನ ಮುಂದೆ ಮಂಟಪ ಕಟ್ಟಿಸುತ್ತೇನೆಂದು ಹಟ ಹಿಡಿದ. "ನಂಗೆ ಬೇಡ ಕಣಪ್ಪ" ಎಂದರು ತಾಯಿಯವರು. ಬೇಡ ಎಂದರೆ ಬೇಡ ಎಂದು ತಿಳಿಯುವುದು ಬಡವರ ಭಕ್ತಿ. ಹಣವಂತರ ಭಕ್ತಿಗೆ ಕಿವಿಯೇ ಇರುವುದಿಲ್ಲ.

ಒಂದು ಬೆಳಗ್ಗೆ ಅವನು ಎತ್ತುಗಳಿಂದ ದಿಮ್ಮಿ ಎಳೆಸಿಕೊಂಡು ಬಂದ. ದಿಮ್ಮಿಗೆ ಹೂವಿನ ಹಾರ ಬೇರೆ! ಹೊನ್ನೆಮರ. ಕಡಿದ ಮೈಯಿಂದ ಕೆಂಪು ರಸ ಇನ್ನೂ ಒಸರುತ್ತಿತ್ತು. ತೊಗಟೆಗೆ ಹರಿದ ಜೇನುತಟ್ಟಿ ಅಂಟಿತ್ತು.

"ತಾಯಿ, ಮಂಟಪಕ್ಕೆ ಕಂಬ ತಂದಿದ್ದೀನಿ! ಇಂಥಾ ಮರ ಇಡೀ ಗುಡ್ಡದಲ್ಲಿ ಇನ್ನೊಂದಿಲ್ಲ."

ತಾಯಿಯವರು ರಸ ಮುಟ್ಟಿ ಅಂಗೈ ನೋಡಿಕೊಂಡರು. "ಜೇನಿತ್ತಾ?"

"ಇತ್ತು ತಾಯಿ. ಹೊಗೆ ಹಾಕಿ ಓಡಿಸಿದ್ವಿ."

ತಾಯಿಯವರ ಮುಖ ಕಪ್ಪಿಟ್ಟಿತು. ನೀರಿನ ಕೊಡವನ್ನು ಎತ್ತಿ, ಉರಿಯುತ್ತಿದ್ದ ತಮ್ಮ ಒಲೆಯ ಮೇಲೆ ಪೂರಾ ಸುರಿದರು. ದಿಮ್ಮಿಯ ಪಕ್ಕ ನಿಂತವನ ಕಡೆ ತಿರುಗಿಯೂ ನೋಡದೆ ನೇರ ಪೋಡಿಗೆ ನಡೆದು, ತಪ್ಪು ಮಾಡಿದವರು ಕೂರುವ ಕಲ್ಲಿನ ಮೇಲೆ ಕುಳಿತುಬಿಟ್ಟರು.

ಪೋಡಿನ ಯಜಮಾನ ಅಚ್ಚುಗೇಗೌಡ ತಾಯಿಯವರ ಒಡಹುಟ್ಟಿದ ತಮ್ಮ. ಓಡಿ ಬಂದ.

"ಅಕ್ಕ, ಮೇಕ್ಕೇಳು. ಜನ ನೋಡ್ತಾವ್ರೆ. ಕಡಿಸ್ದೋನು ಅವ್ನು, ನೀನ್ಯಾಕೆ ಇಲ್ಲಿ ಕುಂತೆ?"

"ಯಾರ ಸಲ್ವಾಗಿ ಬಿತ್ತು? ಅದ ಹೇಳು."

ಹಿಂದೆಯೇ ಬಂದ ರುದ್ರಪ್ಪ ಅಬ್ಬರಿಸಿದ: "ಏನಯ್ಯಾ ಗೌಡ, ದೇವರಿಗೇ ದಂಡ ಹಾಕ್ತೀಯಾ? ನಿನ್ನ ಗೆಣಸು ತಿನ್ನೋ ಪಂಚಾಯ್ತಿಗೆ ಯಾವ ಕೋರ್ಟು ಬೆಲೆ ಕೊಡ್ತದೆ? ನಾನು ಮೇಲಿನವರನ್ನ ಕೇಳಿಯೇ ಕಡಿಸಿದ್ದು."

ಪೋಡಿನ ಮುದುಕಿ ಕೇತಮ್ಮ ಎಲೆಯಡಿಕೆ ಉಗಿದು ಅಂದಳು: "ಮೇಲ್ನೋರ್ನ ಕೇಳಿದ್ಯಾ? ಮರದ ಮೇಲಿದ್ದ ಜೇನ್ನ ಕೇಳ್ದಂಗಿಲ್ಲ."

ಗೌಡ ತಡವರಿಸಿದ. "ಅಕ್ಕ ದೊಡ್ಡೋಳು, ಇದೊಂದ್ಸಾರಿ ಬುಟ್ಬುಡವಾ..."

"ನನ್ನ ಬುಟ್ರೆ ನಾಳೀಕೆ ಗುಡ್ಡ ಬೋಳು" ಎಂದು ತಾಯಿಯವರು ಗುಡುಗಿದರು. "ದೇವ್ರ ಹೆಸ್ರು ಹೇಳ್ಕೊಂಡು ಕೊಡ್ಲಿ ತತ್ತಾರೆ. ತೀರ್ಪು ಹೇಳು!"

ಅಳುತ್ತಲೇ ಗೌಡ ತೀರ್ಪು ಹೇಳಿದ. ರುದ್ರಪ್ಪನಿಗೆ ಇಷ್ಟೇ ಅಂದ: "ನೀ ನಮ್ಮೋನಲ್ಲ. ನಿನ್ ಒಲೆ ನಮ್ ಕೈಲಿಲ್ಲ. ಹೋಗು."

ಸಂಜೆಯೊಳಗೆ ಎಲ್ಲ ಸರಿಹೋಗುತ್ತದೆಂದು ಗೊಣಗಿಕೊಂಡು ಅವನು ಇಳಿದುಹೋದ. ಸರಿಹೋಗಲಿಲ್ಲ. ಮುಂಗಾರು ಹಿಡಿಯಿತು. ಆ ಇಳಿವಯಸ್ಸಿನಲ್ಲಿ ತಾಯಿಯವರು ಹೊನ್ನೆಯ ಬುಡದ ಪಕ್ಕ ನೆನೆದ ಕಾಳು ಅಗಿಯುತ್ತ, ಬೆಂಕಿ ಕಾಣದೆ ಕುಳಿತಿದ್ದರು. ಯಾರು ಕೇಳಿದ್ದರು ಆ ಮಂಟಪವನ್ನು? ನಮ್ಮ ಹೆಸರು ಕೆತ್ತಿಸಲು ನಮಗೆ ಕಂಬ ಬೇಕು, ಅದಕ್ಕೆ ದೇವರು ನೆಪ.

ರುದ್ರಪ್ಪ ಕಂಬಳಿ, ಬಿಸಿ ಹಾಲು ಹಿಡಿದು ಬಂದ. ತಾಯಿಯವರು ಮುಟ್ಟಲಿಲ್ಲ. ಚಳಿಗೆ ಅವರ ತುಟಿ ನೀಲಿಗಟ್ಟಿದ್ದು ಕಂಡು ಅವನು ಕೆಸರಿನಲ್ಲೇ ಕಾಲಿಗೆ ಬಿದ್ದ. "ತಪ್ಪಾಯ್ತು ತಾಯಿ, ಕ್ಷಮಿಸಿ."

"ತಪ್ಪಿನ ಕಲ್ ಮೇಲೆ ಕುಂತೋಳು ನಾನು. ಕ್ಷಮ್ಸೋಳು ನಾನಲ್ಲ."

ಅವನು ಪೋಡಿಗೆ ಓಡಿ, ದಂಡ ತನಗೆ ಹಾಕಿ ತಾಯಿಯವರನ್ನು ಬಿಡಿ ಎಂದು ಬೇಡಿಕೊಂಡ. ಗೌಡನ ಕಣ್ಣು ಕೆಂಡವಾಯಿತು. "ಹಂಚ್ಕಳಕ್ಕೆ ಇದೇನ್ ಪ್ರಸಾದವಾ? ಅವಳ್ದು ಅವಳಿಗೆ. ನಿಂಗೂ ಬೇಕಾದ್ರೆ ನಿನ್ ಒಲೆ ನೀನೇ ಆರ್ಸಿ ಬಾ."

ರುದ್ರಪ್ಪ ಊರಿಗೆ ಹೋದ, ಮನೆಯವರ ಕೈಗೆ ಮಿಲ್ಲಿನ ಬೀಗದಕೈ ಕೊಟ್ಟ, ಬಂದ. ತಾನೂ ನೆನೆದ ಕಾಳು ಅಗಿಯುತ್ತ ಬುಡದ ಆಚೆ ಬದಿಗೆ ಕುಳಿತ. ಕಡವೆ ಬಂದರೆ ಕೋಲು ಹಿಡಿದು ಏಳುತ್ತಿದ್ದ. ತಾಯಿಯವರು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಚಿಗುರು ಮೊಣಕಾಲಿಗೆ ಬಂದಾಗ ಬಯಲಿನ ಭಕ್ತರು ಡೋಲಿ ಹೊತ್ತು ಬಂದರು. ತಾಯಿಯವರನ್ನು ಎತ್ತಿಕೊಂಡಾದರೂ ಹೋಗುತ್ತೇವೆಂದರು. ರುದ್ರಪ್ಪ ದಾರಿಗೆ ಅಡ್ಡ ನಿಂತ.

"ಅಡ್ಡ ನಿಲ್ತೀಯಾ? ತಾಯಿ ಸಾಯ್ತಾರೆ ಕಣೋ!"

"ನನಗೂ ಕರುಳು ಉರೀತದೆ. ಆದ್ರೆ ಬಿಡಿಸೋ ಅಧಿಕಾರ ನಿಮಗಿಲ್ಲ, ನನಗಿಲ್ಲ, ತಾಯಿಯವರಿಗೂ ಇಲ್ಲ. ಪೋಡಿಗೆ ಹೋಗಿ ಅಚ್ಚುಗೇಗೌಡರನ್ನ ಕೇಳಿ."

"ಆ ಕಾಡಿನವನನ್ನಾ?"

"ಹೂಂ, ಅವರನ್ನೇ" ಎಂದ ಪುಟ್ಟರುದ್ರಪ್ಪ. "ಚಪ್ಪಲಿ ಇಲ್ಲೇ ಬಿಟ್ಟು ಹೋಗಿ."