ತಡೆದಿಟ್ಟ ತಿದ್ದುಪಡಿ

ಹೊಳೆದಂಡೆಯ ಮಠವೊಂದರಲ್ಲಿ ಒಬ್ಬರು ಹಿರಿಯ ಸ್ವಾಮಿಗಳು; ಎಲ್ಲರಿಗೂ ಅವರು ಅಜ್ಜಾರು. ಅವರ ಶಿಷ್ಯರು ಜಪಕ್ಕಿಂತ ಹೆಚ್ಚು ಹೊತ್ತು ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಕಣ್ಣಿಲ್ಲದವರಿಗೆ ಕನ್ನಡ ಬರಹವನ್ನು ಓದಿ ಹೇಳುವ ತಂತ್ರಾಂಶ ಆ ಮಠದ್ದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಪ್ಪು ಕಂಡರೆ ತಿದ್ದಿ ಕಳಿಸಲೂಬಹುದು.

ಅದರ ಹೊಣೆ ಶಂಭುಲಿಂಗನದು. ಚುರುಕಿನ ಹುಡುಗ. ಹೊಗಳಿದರೆ ಮಾತ್ರ ಉಬ್ಬಿಹೋಗುತ್ತಿದ್ದ.

“ಅಜ್ಜಾರ, ಹೊಸ ಆವೃತ್ತಿ ಎಷ್ಟು ದಿನಕ್ಕೊಮ್ಮೆ ಬಿಡಬೇಕ್ರಿ?” ಎಂದು ಬೇಸಿಗೆಯಲ್ಲೊಮ್ಮೆ ಕೇಳಿದ.

“ಈಗ ಕೈಯಾಗ ಏನೈತಿ?”

“ಸಣ್ಣಪುಟ್ಟ ತಿದ್ದುಪಡಿ ಅದಾವ್ರಿ. ಓದೂ ಹೊಸ ದನಿ ಇನ್ನೂ ತಯಾರಾಗಿಲ್ಲ. ಅದೂ ಆದಮ್ಯಾಲೆ ಎಲ್ಲಾ ಕೂಡಿಸಿ ಬಿಟ್ಟರ, ಮಂದಿ ಮೂಗಿನ ಮ್ಯಾಲೆ ಬೆರಳಿಡಬೇಕು.”

ಅಜ್ಜಾರು ಸುಮ್ಮನಿದ್ದರು. ಶಂಭುಲಿಂಗ ಅದನ್ನೇ ಒಪ್ಪಿಗೆ ಎಂದುಕೊಂಡ.

ಮಳೆಗಾಲ ಕಳೆದರೂ ಹೊಸ ದನಿ ತಯಾರಾಗಲಿಲ್ಲ.

ಒಂದು ಸೋಮವಾರ ಗಿರಿಜವ್ವ ಎಂಬ ಕಣ್ಣಿಲ್ಲದ ಹೆಂಗಸು ಕೋಲೂರುತ್ತ ಮಠಕ್ಕೆ ಬಂದಳು. ತೀರಾ ಸೊರಗಿದ್ದಳು.

“ನೀವು ಮಾಡಿದ್ದು ನನಗ ಭಾಳ ಉಪಕಾರ ಆಗಿತ್ರಿ,” ಎಂದಳು. “ಡಾಕ್ಟರು ಫೋನಿಗೆ ಕಳಿಸಿದ್ದನ್ನ ಓದಿಸ್ಕೊಂಡು ನಾನ ಗುಳಿಗಿ ತಗೋತಿದ್ದೆ. ಮೊನ್ನೆ ಎರಡು ನುಂಗಿ ತಲಿ ತಿರುಗಿ ಬಿದ್ದೆ. ಡಾಕ್ಟರು ಬರೆದಿದ್ದು ಅರ್ಧ ಅಂತ. ಕಣ್ಣಿಲ್ಲದಾಕಿ, ನಾನ ಏನೋ ಎಡವಟ್ಟು ಮಾಡಿಕೊಂಡೆ. ಇನ್ನ ನಿನ್ನ ಕೈಲೆ ಗುಳಿಗಿ ಕೊಡಂಗಿಲ್ಲ ಅಂದಾಳ ಸೊಸಿ. ಖರೇನ ಐತಿ.”

ಶಂಭುಲಿಂಗನಿಗೆ ಕೂಡಲೇ ಹೊಳೆಯಿತು. ½ ಎಂಬ ಅರ್ಧದ ಗುರುತನ್ನು ತಂತ್ರಾಂಶ “ಒಂದು, ಎರಡು” ಎಂದು ಓದುತ್ತಿತ್ತು. ಯಾರೋ ಪುಣ್ಯಾತ್ಮರು ಅದನ್ನು ಬೇಸಿಗೆಯಲ್ಲೇ ತಿದ್ದಿ ಕಳಿಸಿದ್ದರು. ಅಂದಿನಿಂದ ಅದು ಅವನ ಬಳಿಯೇ ಬಿದ್ದಿತ್ತು.

ಅದನ್ನು ಹೇಳದೆ ಅವನು ಪಂಕ್ತಿಗೆ ಎಲೆ ಹಾಕಲು ಎದ್ದ.

ಊಟದ ಹೊತ್ತಾಯಿತು. ಆ ಮಠದ ಪಂಕ್ತಿಯಲ್ಲಿ ಬಡಿಸುವವನು ಸಾಲಿನ ಕೊನೆ ಮುಟ್ಟದೆ ಹಿಂದೆ ತಿರುಗುವಂತಿಲ್ಲ. ಶಂಭುಲಿಂಗ ಹುಗ್ಗಿ ಬಡಿಸುತ್ತ ಅರ್ಧ ಸಾಲು ದಾಟಿದ್ದ. ಹಿಂದೆ ಗಿರಿಜವ್ವನ ಗಂಟಲಿಗೆ ರೊಟ್ಟಿ ಸಿಕ್ಕಿ ಕೆಮ್ಮು ಹತ್ತಿತು. ಅವನು ಪಾತ್ರೆ ಅಲ್ಲೇ ಇಟ್ಟು ಓಡಿದ, ನೀರು ಕುಡಿಸಿದ.

“ಶಂಭು, ಸಾಲು ಮುಗಿಸದ ಯಾಕ ಹೊಳ್ಳಿ ಓಡಿದಿ?” ಅಜ್ಜಾರು ಕೂತಲ್ಲಿಂದಲೇ ಕೇಳಿದರು.

“ಗಂಟಲಿಗೆ ಸಿಕ್ಕಿತ್ರಿ ಅಜ್ಜಾರ! ಸಾಲು ಮುಗಿಯೂತನಕ ಹೆಂಗ ಕಾಯೂದು?”

ಆಡಿದ ಮೇಲೆ ಅವನಿಗೆ ತನ್ನ ಮಾತು ಕೇಳಿಸಿತು. ಕಿವಿ ಬಿಸಿಯಾದವು. ಪಂಕ್ತಿಯಲ್ಲಿ ಯಾರ ಮುಖವನ್ನೂ ನೋಡಲಾಗಲಿಲ್ಲ.

ಉಣ್ಣದೆಯೇ ಒಳಗೆ ಹೋಗಿ ಆ ತಿದ್ದುಪಡಿಯೊಂದನ್ನೇ ಬಿಡುಗಡೆ ಮಾಡಿದ. ಆಮೇಲೆ ಹೊಳೆದಂಡೆಗೆ ಬಂದು ಅಲ್ಲಿ ಕೂತಿದ್ದ ಅಜ್ಜಾರ ಕಾಲು ಹಿಡಿದ.

“ತಪ್ಪಾತ್ರಿ. ತಿದ್ದಿದ್ದನ್ನ ಬಿಡುಗಡೆ ಮಾಡಿ ಬಂದೀನಿ. ಇನ್ನಮ್ಯಾಲೆ ದಿನಾ ಒಂದು ಆವೃತ್ತಿ ಬಿಡ್ತೀನ್ರಿ.”

“ದಿನಾ ಯಾರ ಗಂಟಲಿಗೆ ಸಿಗತೈತಿ?”

ಅಜ್ಜಾರೇ ಮತ್ತೆ ಕೇಳಿದರು.

“ತಪ್ಪು ಆಕೀದಲ್ಲ ಅಂತ ಗಿರಿಜವ್ವಗ ಹೇಳಿದೇನು?”

ನಾಚಿಕೆಯಿಂದ ಅವನ ತಲೆ ಇನ್ನಷ್ಟು ತಗ್ಗಿತು. “ಹೆಂಗ ಹೇಳಲಿ ಅಂತ ತಿಳೀವಲ್ದ್ರಿ. ಇನ್ನೊಮ್ಮೆ ಮಠಕ್ಕ ಬಂದಾಗ, ಸಮಾಧಾನದಿಂದ…”

ಅಜ್ಜಾರು ಕಾಲು ಬಿಡಿಸಿಕೊಂಡು, ಗಿರಿಜವ್ವ ಕೋಲೂರಿ ನಿಂತಿದ್ದ ರಸ್ತೆಯ ಕಡೆ ನೋಡಿದರು.

“ಆಕಿ ಬಸ್ಸು ಇನ್ನೂ ಬಂದಿಲ್ಲ.”